ಪಂಪ್ ಜಾಮ್ ಆದ ಮ್ಯಾಲೆ ಎಣ್ಣಿ ಹುಡುಕಬ್ಯಾಡ್ರಿ

ನಮ್ಮ ಭಾಗದಲ್ಲಿ 'ಎಣ್ಣಿ ಹೊಡಿಯೋದು' ಅಂದ್ರೆ ಬೆಳೆಗೆ ಔಷಧ ಸಿಂಪಡಿಸೋದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಯಾವ ಊರಿನ ಬದುವಿನ ಮೇಲೆ ನಿಂತರೂ ತೊಗರಿ ಹೂವಿಗೆ ಬಂದಾಗ ಇದೇ ಮಾತು. 'ಎಷ್ಟು ಸಲ ಎಣ್ಣಿ ಹೊಡದಿ?' 'ಮೂರ್ ಸಲ ಆತು, ಹುಳ ಸಾಯವಲ್ದು.' ಆದರೆ 'ಆ ಪಂಪಿಗೆ ಎಣ್ಣಿ ಹಾಕಿ ಎಷ್ಟು ದಿನ ಆತು?' ಅಂತ ಒಬ್ಬರು ಇನ್ನೊಬ್ಬರನ್ನು ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಈ ವಾರ ಅದನ್ನೇ ಕೇಳೋಣ ಅಂತ ಬರೀತಿದ್ದೀನಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಯಾವ ಔಷಧ ಹೊಡಿಬೇಕು ಅಂತ ನಾವು ಫೋನ್ ಹಿಡಿದು ಗಂಟೆಗಟ್ಟಲೆ ನೋಡ್ತೀವಿ. ಅದರಲ್ಲಿ ಹತ್ತು ನಿಮಿಷ ಉಳಿಸಿ ಪಂಪನ್ನು ತೊಳೆದು, ಒರೆಸಿ, ಎರಡು ಹನಿ ಸರಿಯಾದ ಎಣ್ಣೆ ಹಾಕಿಟ್ಟರೆ ಬೆಳೆಗೂ ಲಾಭ, ಬೆನ್ನ ಮೇಲೆ ಪಂಪ್ ಹೊರುವವನ ಮೈಗೂ ಲಾಭ. ಸಾವಯವ ಮಾಡೋರಿಗೂ ಈ ಮಾತು ಲಾಗೂ. ಅವರಿಗೆ ಒಂದು ಕೈ ಹೆಚ್ಚೇ ಲಾಗೂ. ಕಾರಣ ಮುಂದೆ ಹೇಳ್ತೀನಿ.

ನನ್ನ ತಪ್ಪಿನಿಂದಲೇ ಶುರು ಮಾಡ್ತೀನಿ

ನಾನು ಬಾಗಲಕೋಟೆಯಲ್ಲಿ ತೋಟಗಾರಿಕೆ ಪದವಿ ಓದಿದವನು. ಹುಳದ ಹೆಸರು, ರೋಗದ ಹೆಸರು, ಔಷಧದ ಪ್ರಮಾಣ ಎಲ್ಲ ಬಾಯಿಪಾಠ ಇತ್ತು. ಊರಿಗೆ ಬಂದು ಸಾವಯವ ಶುರು ಮಾಡಿದ ಮೊದಲ ವರ್ಷ ಮನೆಯಲ್ಲಿ ಮುತ್ಯಾನ ಕಾಲದ ಹಿತ್ತಾಳೆ ಪಂಪ್ ಇತ್ತು. ಸಿಲಿಂಡರ್ ಹಿತ್ತಾಳೆ, ನಾಜಲ್ ಹಿತ್ತಾಳೆ, ಒಳಗೆ ಬಟ್ಟಲಿನ ಆಕಾರದ ಚರ್ಮದ ವಾಷರ್. 'ಹೊಸಾದು ಯಾಕ ತರಬೇಕು, ಇದೇ ನಡೀತದ' ಅಂತ ಅದನ್ನೇ ತಗೊಂಡೆ.

ಒಂದು ಸಂಜೆ ಗೋಮೂತ್ರ ಮತ್ತು ಬೇವಿನ ಕಷಾಯ ಬೆರೆಸಿ ಹೊಡೀತಿದ್ದೆ. ಅರ್ಧಕ್ಕೆ ಮಳೆ ಬಂತು. ಪಂಪನ್ನು ಹಂಗೇ ಕೊಟ್ಟಿಗೆಯಲ್ಲಿಟ್ಟು ಮನೆಗೆ ಬಂದೆ. ಮರುದಿನ ಸಂಬಂಧಿಕರ ಮದುವೆ, ಆಮೇಲೆ ಇನ್ನೊಂದು ಕೆಲಸ. ಆರು ದಿನ ಬಿಟ್ಟು ಹೊಲಕ್ಕೆ ಹೋದರೆ ಹೂವಿನ ಮೇಲೆ ಕಾಯಿಕೊರಕದ ತತ್ತಿ ಕಂಡವು. ಓಡಿ ಬಂದು ಪಂಪ್ ಎತ್ತಿದೆ. ಹಿಡಿ ಅಲುಗಾಡಲಿಲ್ಲ. ವಾಷರ್ ಸಿಲಿಂಡರಿಗೆ ಹಿಡಿದು ಕೂತಿತ್ತು. ಕಾಲು ಕೊಟ್ಟು ಜಗ್ಗಿದೆ, ಪಾನಾ ಹಾಕಿ ತಿರುವಿದೆ, ಕೊನೆಗೆ ಸುತ್ತಿಗೆಯಿಂದ ಹೊಡೆದೆ. ರಾಡ್ ಬಾಗಿತು, ಕೆಳಗಿನ ಚೂಡಿಯ ಹತ್ತಿರ ಹಿತ್ತಾಳೆ ಸೀಳಿತು. ಅಷ್ಟು ಹಳೆಯ ಪಂಪಿನ ಬಿಡಿಭಾಗ ಪೇಟೆಯಲ್ಲಿ ಸಿಗಲಿಲ್ಲ.

ಪಕ್ಕದ ಹೊಲದವರ ಪಂಪ್ ಕೇಳೋಣ ಅಂದ್ರೆ ಆ ವಾರ ಎಲ್ಲರೂ ಹೊಡಿಯೋರೇ. ನನ್ನ ಪಾಳಿ ಬರುವಷ್ಟರಲ್ಲಿ ಐದು ದಿನ ಹೋದವು. ಕಾಯಿಕೊರಕದ ತತ್ತಿ ಒಡೆಯೋದಕ್ಕೆ ಮೂರು-ನಾಲ್ಕು ದಿನ ಸಾಕು. ಬೇವಿನ ಕಷಾಯವಾಗಲಿ, ಎನ್‌ಪಿವಿ ನಂಜಾಣುವಾಗಲಿ ಕೆಲಸ ಮಾಡೋದು ಮರಿ ಸಣ್ಣದಿರುವಾಗ. ಕಾಯಿಯೊಳಗೆ ತಲೆ ಹಾಕಿದ ದೊಡ್ಡ ಹುಳಕ್ಕೆ ಶೇ. 5ರ ಕಷಾಯ ಹೊಡೆದರೆ ಏನಾದೀತು? ಆ ವರ್ಷ ಎರಡು ಎಕರೆಯಲ್ಲಿ ತೂತು ಬಿದ್ದ ಕಾಯಿಯೇ ಹೆಚ್ಚು.

ಮುತ್ಯಾ ಬೈಯಲಿಲ್ಲ. ಸೀಳಿದ ಸಿಲಿಂಡರ್ ಕೈಯಲ್ಲಿ ಹಿಡಿದು ನೋಡಿ, 'ತಮ್ಮಾ, ಇದನ್ನ ನಾ ಮೂವತ್ತು ವರ್ಷ ಹೊತ್ತೀನಿ. ಪ್ರತಿ ಸಲ ತೊಳದು, ವಾಷರಿಗೆ ಔಡಲೆಣ್ಣಿ ಸವರಿ ಇಡ್ತಿದ್ದೆ. ನಿನಗ ಕಾಲೇಜಿನ್ಯಾಗ ಇದು ಹೇಳಲಿಲ್ಲೇನು?' ಅಂದ. ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳಿರಲಿಲ್ಲ.

ಬಂದೂಕಿನ ಹಿತ್ತಾಳೆ ಕಲಿಸಿದ ಪಾಠ

ಈಚೆಗೆ ಚಿಂಚೋಳಿಯ ಗೆಳೆಯನೊಬ್ಬ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. ಅಮೆರಿಕದಲ್ಲಿ ಗುರಿ ಹೊಡೆಯುವ ಹವ್ಯಾಸದವರು ರೈಫಲ್ಲಿನ ಖಾಲಿ ಹಿತ್ತಾಳೆ ಕೇಸುಗಳನ್ನು ಮತ್ತೆ ಬಳಸ್ತಾರೆ. ಗುಂಡು ಹಾರಿದಾಗ ಕೇಸು ಉಬ್ಬಿರುತ್ತದೆ. ಅದನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ಮೊದಲಿನ ಅಳತೆಗೆ ತರಬೇಕು. ಒತ್ತುವ ಮೊದಲು ಹೊರಮೈಗೆ ತೆಳುವಾಗಿ ಜಿಡ್ಡು ಸವರ್ತಾರೆ. ಅನೇಕರು ಬಳಸೋದು ಲ್ಯಾನೋಲಿನ್, ಅಂದರೆ ನಮ್ಮ ಕುರಿಗಾರರ ಕೈಗೆ ದಿನಾ ಹತ್ತುವ ಉಣ್ಣೆಯ ಜಿಡ್ಡೇ. ಜಿಡ್ಡು ಸವರದಿದ್ದರೆ ಕೇಸು ಅಚ್ಚಿನಲ್ಲಿ ಕಚ್ಚಿಕೊಳ್ಳುತ್ತದೆ. ಜೋರು ಮಾಡಿ ಎಳೆದರೆ ಅಂಚು ಹರಿದು ಬರುತ್ತದೆ, ಕೇಸು ಒಳಗೇ ಉಳಿಯುತ್ತದೆ. ಹಂಗಂತ ಜಿಡ್ಡು ಹೆಚ್ಚು ಮೆತ್ತಿದರೂ ಕೆಡುಕು. ಎಣ್ಣೆಯನ್ನು ಅದುಮಿ ಚಿಕ್ಕದು ಮಾಡೋಕೆ ಬರೋದಿಲ್ಲ. ಅದು ಅಚ್ಚಿನ ಮೂಲೆಯಲ್ಲಿ ಸಿಕ್ಕಿಕೊಂಡು ಹಿತ್ತಾಳೆಯನ್ನೇ ಒಳಗೆ ತಗ್ಗಿಸುತ್ತದೆ.

ಆ ಕೆಲಸಕ್ಕೆ ನಾವು ಕೈ ಹಾಕುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸೋದು ಅಪರಾಧ. ಬೆಳೆ ಕಾಯಲು ಬಂದೂಕಿನ ಲೈಸನ್ಸ್ ಇದ್ದರೂ ಅದರಲ್ಲಿ ಗುಂಡು ಕಟ್ಟುವ ಹಕ್ಕು ಸೇರಿಲ್ಲ. ಆದರೆ ಆ ವಿಡಿಯೊ ನೋಡಿ ನನಗೆ ನನ್ನ ಪಂಪ್ ನೆನಪಾಯ್ತು. ಲೋಹ ಲೋಹಕ್ಕೆ ಉಜ್ಜುವ ಕಡೆ ಎಲ್ಲಾ ಲೆಕ್ಕ ಒಂದೇ. ಎಣ್ಣೆ ಇಲ್ಲದಿದ್ದರೆ ಹಿಡೀತದೆ, ಹೆಚ್ಚಾದರೆ ಕೆಡಿಸುತ್ತದೆ. ಹಿಡಿದ ಮೇಲೆ ಜೋರು ಮಾಡಿದರೆ ಮುರಿಯುತ್ತದೆ.

ಗೋಮೂತ್ರ ಮತ್ತು ಹಿತ್ತಾಳೆ: ಇದು ಹಳೆಯ ಜಗಳ

ಸಾವಯವದವರಿಗೆ ಹೆಚ್ಚು ಲಾಗೂ ಅಂದೆನಲ್ಲ, ಅದರ ಕಾರಣವೂ ಬಂದೂಕಿನ ಹಿತ್ತಾಳೆಯಲ್ಲೇ ಇದೆ. 19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯಕ್ಕೆ ಒಂದು ವಿಚಿತ್ರ ತೊಂದರೆ ಬಂತು. ಮಳೆಗಾಲದಲ್ಲಿ ತೋಟಾಗಳ ಹಿತ್ತಾಳೆ ಕೇಸುಗಳು ಯಾರೂ ಮುಟ್ಟದೆಯೇ ಸೀಳು ಬಿಡುತ್ತಿದ್ದವು. ಮಳೆಗಾಲ ಮುಗಿಯುವ ತನಕ ಅವನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರು. ಕುದುರೆ ಉಚ್ಚೆಯಿಂದ ಏಳುವ ಅಮೋನಿಯಾ ಗಾಳಿಯೇ ಹಿತ್ತಾಳೆಯನ್ನು ಸೀಳುತ್ತಿತ್ತು. ಇದರ ಕಾರಣವನ್ನು ವಿಜ್ಞಾನಿಗಳು ಸರಿಯಾಗಿ ಬಿಡಿಸಿ ಹೇಳಿದ್ದು 1921ರಲ್ಲಿ. ಬಡಿದು, ಎಳೆದು, ಬಿಗಿದು ಮಾಡಿದ ಹಿತ್ತಾಳೆಯೊಳಗೆ ಬಿಗುವು ಉಳಿದಿರುತ್ತದೆ. ಅದಕ್ಕೆ ಅಮೋನಿಯಾ ಮತ್ತು ತೇವ ಸೇರಿದರೆ ಬಿರುಕು ಬೀಳುತ್ತದೆ.

ಈಗ ನಮ್ಮ ಕೊಟ್ಟಿಗೆ ನೋಡ್ರಿ. ಗೋಮೂತ್ರ ಹಳೆಯದಾದಷ್ಟೂ ಮೂಗಿಗೆ ಹೊಡೆಯುವ ವಾಸನೆ ಬರುತ್ತದೆ. ಆ ವಾಸನೆಯೇ ಅಮೋನಿಯಾ. ಹತ್ತು ಲೀಟರ್ ನೀರಿಗೆ ಒಂದು ಲೀಟರ್ ಗೋಮೂತ್ರ ಬೆರೆಸಿ ಹೊಡೆದು, ಪಂಪನ್ನು ತೊಳೆಯದೆ ಅದೇ ದನದ ಕೊಟ್ಟಿಗೆಯಲ್ಲಿ ನೇತು ಹಾಕಿದರೆ ನಾವು ಆ ಲಾಯವನ್ನೇ ಮತ್ತೆ ಕಟ್ಟಿದಂತೆ. ನಾಜಲ್ ಮೇಲೆ, ಚೂಡಿಯ ಸಂದಿಯಲ್ಲಿ ನೀಲಿ-ಹಸಿರು ಕಲೆ ಕಂಡರೆ ಹಿತ್ತಾಳೆ ಕರಗುತ್ತಿದೆ ಅಂತ ತಿಳಿಯಿರಿ. ನನ್ನ ಸಿಲಿಂಡರ್ ಚೂಡಿಯ ಹತ್ತಿರ ಸೀಳಿದ್ದು ಸುತ್ತಿಗೆಯ ಏಟಿಗೇ. ಆದರೆ ಆ ಆರು ದಿನದ ಗೋಮೂತ್ರ ಅಲ್ಲಿ ಸುಮ್ಮನೆ ಕೂತಿರಲಿಲ್ಲ ಅಂತ ಈಗ ಅನಿಸ್ತದೆ.

ಗೋಮೂತ್ರ ಬಿಡ್ರಿ ಅಂತ ನಾನು ಹೇಳ್ತಿಲ್ಲ. ನಾನೂ ಬಳಸ್ತೀನಿ. ಹೊಡೆದ ದಿನವೇ ಪಂಪ್ ತೊಳೀರಿ, ಕೊಟ್ಟಿಗೆ ಬಿಟ್ಟು ಬೇರೆ ಕಡೆ ಇಡ್ರಿ ಅಂತಷ್ಟೇ ಹೇಳ್ತಿದ್ದೀನಿ.

ನಮ್ಮ ಧೂಳು, ನಮ್ಮ ನೀರು

ಎಲ್ಲಾ ಕಡೆಯ ಪಂಪಿಗೂ ಎಣ್ಣೆ ಬೇಕು, ಆದರೆ ನಮ್ಮ ಕಡೆ ಎರಡು ಕಷ್ಟ ಹೆಚ್ಚು. ಮೊದಲನೆಯದು ಧೂಳು. ವಾಡಿ, ಮಳಖೇಡ ಸುತ್ತ ಸಿಮೆಂಟ್ ಕಾರ್ಖಾನೆ, ಶಹಾಬಾದ್ ಸುತ್ತ ಫರ್ಸಿ ಕಲ್ಲಿನ ಗಣಿ ಮತ್ತು ಪಾಲಿಶ್, ಚಿಂಚೋಳಿ ಕಡೆ ಕೆಂಪು ಮಣ್ಣು, ಉಳಿದ ಕಡೆ ಎರೆಮಣ್ಣಿನ ಪುಡಿ. ಜಿಡ್ಡಿನ ಮೇಲೆ ಈ ಧೂಳು ಕೂತರೆ ಅದು ಎಣ್ಣೆಯಾಗಿ ಉಳಿಯೋದಿಲ್ಲ, ಸಾಣೆ ಹಿಡಿಯುವ ಪೇಸ್ಟ್ ಆಗುತ್ತದೆ. 'ಜಾಸ್ತಿ ಹಾಕಿದ್ರ ಜಾಸ್ತಿ ಚಲೋ' ಅನ್ನೋದು ನಮ್ಮ ಭಾಗದಲ್ಲಿ ಪೂರಾ ತಪ್ಪು. ಮೊದಲು ಹಳೆಯ ಜಿಡ್ಡು ಒರೆಸಬೇಕು, ಆಮೇಲೆ ಹೊಸ ಹನಿ.

ಎರಡನೆಯದು ನೀರು. ಕೆಳಗೆ ಸುಣ್ಣದ ಕಲ್ಲು ಇರುವ ಕಡೆ ಬೋರಿನ ನೀರು ಗಡಸು. ನಾಜಲ್ ತುದಿಯಲ್ಲಿ, ವಾಲ್ವಿನ ಕೂಡಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಬೋರ್ಡೋ ದ್ರಾವಣ ಹೊಡೆಯೋರಿಗೆ ಅದರಲ್ಲಿನ ಸುಣ್ಣವೂ ಸೇರುತ್ತದೆ. ಈ ಪೊರೆಗೆ ಎಣ್ಣೆ ಹಾಕಿ ಪ್ರಯೋಜನ ಇಲ್ಲ. ನಾಜಲ್ ಬಿಚ್ಚಿ ನಿಂಬೆರಸ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ಇಟ್ಟರೆ ಕರಗುತ್ತದೆ. ಆಮೇಲೆ ಒಳ್ಳೆಯ ನೀರಿನಲ್ಲಿ ತೊಳೆದು ಒಣಗಿಸಿ. ತೂತಿಗೆ ತಂತಿ, ಸೂಜಿ ಹಾಕಬೇಡಿ. ತೂತು ದೊಡ್ಡದಾದರೆ ಎಕರೆಗೆ ಬೀಳುವ ಔಷಧದ ಲೆಕ್ಕ ತಪ್ಪುತ್ತದೆ. ಬಾಯಿಂದ ಊದೋದಂತೂ ಬೇಡವೇ ಬೇಡ.

ಯಾವ ಎಣ್ಣೆ, ಎಲ್ಲಿಗೆ, ಎಷ್ಟು

ಚರ್ಮದ ವಾಷರ್ ಇರುವ ಹಳೆಯ ಹಿತ್ತಾಳೆ ಪಂಪಿಗೆ ಔಡಲೆಣ್ಣೆಯೇ ಸರಿ. ಬೇಸಿಗೆಯಲ್ಲಿ ನಮ್ಮ ಬಿಸಿಲಿಗೆ ಚರ್ಮ ಒಣಗಿ ಮುದುಡುತ್ತದೆ. ಹಂಗಾಮಿನ ಮೊದಲು ವಾಷರನ್ನು ಒಂದು ರಾತ್ರಿ ಔಡಲೆಣ್ಣೆಯಲ್ಲಿ ನೆನೆ ಹಾಕಿ, ಮುಂಜಾನೆ ಹಿಂಡದೆ ಒರೆಸಿ ಕೂರಿಸಿ. ಮುಂದೆ ಪ್ರತಿ ಸಿಂಪಡಣೆ ಮುಗಿದ ಮೇಲೆ ಎರಡು ಹನಿ ಸಾಕು. ಔಡಲೆಣ್ಣೆ ಲೋಹಕ್ಕೆ ಅಂಟಿ ಕೂರುತ್ತದೆ, ಸುಲಭಕ್ಕೆ ಜಾರಿ ಹೋಗೋದಿಲ್ಲ. ಮೊದಲ ಮಹಾಯುದ್ಧದ ಅನೇಕ ವಿಮಾನಗಳ ಎಂಜಿನ್ನಿಗೆ ಇದೇ ಎಣ್ಣೆ ಹಾಕುತ್ತಿದ್ದರು. ಕ್ಯಾಸ್ಟ್ರಾಲ್ ಅನ್ನೋ ಹೆಸರು ಬಂದದ್ದೂ ಔಡಲದ ಇಂಗ್ಲಿಷ್ ಹೆಸರಿನಿಂದಲೇ. ನಮ್ಮ ಹಿರಿಯರು ಎತ್ತಿನ ಬಂಡಿಯ ಅಚ್ಚಿಗೆ ಸವರುತ್ತಿದ್ದ ಕೀಲೆಣ್ಣೆ ಯಾರಿಗೆ ಗೊತ್ತಿಲ್ಲ? ಒಂದೇ ಎಚ್ಚರ. ಔಡಲೆಣ್ಣೆ ಹಳೆಯದಾದರೆ ಅಂಟಂಟಾಗುತ್ತದೆ, ಆದ್ದರಿಂದ ಹಳೆಯದನ್ನು ಒರೆಸದೆ ಹೊಸದು ಹಾಕಬೇಡಿ.

ರಬ್ಬರ್ ವಾಷರ್, ರಿಂಗ್ ಇರುವ ಪ್ಲಾಸ್ಟಿಕ್ ಕೈಪಂಪಿಗೆ ಎಂಜಿನ್ ಆಯಿಲ್, ಗ್ರೀಸ್ ಬೇಡ. ಎಲ್ಲಾ ರಬ್ಬರ್ ಒಂದೇ ಥರ ಅಲ್ಲ. ಕೆಲವು ಜಾತಿಯ ರಬ್ಬರ್ ಪೆಟ್ರೋಲಿಯಂ ಎಣ್ಣೆ ಕುಡಿದು ಉಬ್ಬುತ್ತದೆ. ಸಡಿಲ ಆಗಲಿ ಅಂತ ಹಾಕಿದ ಎಣ್ಣೆಯೇ ಬಿಗಿ ಮಾಡಿಬಿಡುತ್ತದೆ. ಅಲ್ಲಿಗೆ ಸಿಲಿಕಾನ್ ಗ್ರೀಸ್ ಕಡಲೆಕಾಳಿನಷ್ಟು ಸಾಕು. ಗಾಡಿಯಿಂದ ತೆಗೆದ ಕರಿ ಆಯಿಲ್ ಯಾವ ಪಂಪಿಗೂ ಬೇಡ. ಅದರಲ್ಲಿ ಸವೆದ ಲೋಹದ ಪುಡಿ ಇರುತ್ತದೆ. ಸಾವಯವ ಹೊಲದಲ್ಲಿ ಅದು ಎಲೆಗೂ ಹೋಗುತ್ತದೆ, ಮಣ್ಣಿಗೂ ಹೋಗುತ್ತದೆ.

ಬ್ಯಾಟರಿ ಪಂಪ್ ಇರೋರು 'ನಮಗ ಇದೆಲ್ಲ ಬೇಕಿಲ್ಲ' ಅಂತಾರೆ. ಅರ್ಧ ನಿಜ. ಅದರ ಸಣ್ಣ ಮೋಟಾರಿನ ಪಂಪಿಗೆ ನೀವು ಎಣ್ಣೆ ಹಾಕಬೇಕಾಗಿಲ್ಲ. ಅದಕ್ಕೆ ಬೇಕಾದ್ದು ಒಳ್ಳೆಯ ನೀರು. ಆದರೆ ಲ್ಯಾನ್ಸಿನ ಹಿತ್ತಾಳೆ ಚೂಡಿ, ಟ್ರಿಗರ್, ಮುಚ್ಚಳದ ರಿಂಗಿಗೆ ಮೇಲಿನ ನಿಯಮವೇ.

ಟ್ರ್ಯಾಕ್ಟರ್ ಅಥವಾ ಎಂಜಿನ್ನಿಗೆ ಜೋಡಿಸುವ ಎಚ್‌ಟಿಪಿ ಪಂಪಿನ ಮೇಲೆ ಗ್ರೀಸ್ ಕಪ್ ಇರುತ್ತವೆ. ಕೆಲಸದ ನಡುವೆ ಆಗಾಗ ಪಂಪ್ ನಿಲ್ಲಿಸಿ ಅವನ್ನು ಒಂದು ಸುತ್ತು ತಿರುವಬೇಕು. ಎಷ್ಟು ಗಂಟೆಗೊಮ್ಮೆ ಅನ್ನೋದು ಪಂಪಿನ ಜೊತೆ ಬಂದ ಪುಸ್ತಕದಲ್ಲಿದೆ. ಆ ಪುಸ್ತಕದ ಫೋಟೊ ತೆಗೆದು ಫೋನಿನಲ್ಲಿಡಿ. ಟು-ಸ್ಟ್ರೋಕ್ ಪವರ್ ಸ್ಪ್ರೇಯರಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. 1:25 ಅಂತ ಬರೆದಿದ್ದರೆ ಲೀಟರಿಗೆ 40 ಮಿ.ಲೀ., 1:50 ಅಂತಿದ್ದರೆ 20 ಮಿ.ಲೀ. 'ಅಂದಾಜಿನ ಮ್ಯಾಲೆ' ಹಾಕಿದವರ ಪಿಸ್ಟನ್ ಸೀಜ್ ಆದದ್ದನ್ನು ನಾನು ಕಣ್ಣಾರೆ ನೋಡೀನಿ.

ಹತ್ತು ನಿಮಿಷದ ಪದ್ಧತಿ

ಕೆಲಸ ಮುಗಿದ ಕೂಡಲೇ ಕೈಗವಸು ತೆಗೆಯೋ ಮೊದಲು ಪಂಪಿಗೆ ಸ್ವಲ್ಪ ಸ್ವಲ್ಪ ಒಳ್ಳೆಯ ನೀರು ಹಾಕಿ ಮೂರು ಸಲ ತೊಳೆಯಿರಿ. ಒಂದೇ ಸಲ ತುಂಬಿಸಿ ಚೆಲ್ಲೋದಕ್ಕಿಂತ ಇದು ಚಲೋ. ಪ್ರತಿ ಸಲ ನಾಜಲ್ ಮೂಲಕವೇ ನೀರು ಹೊರಗೆ ಹೋಗಲಿ. ತೊಳೆದ ನೀರನ್ನು ಹೊಡೆದ ಹೊಲದಲ್ಲೇ ಬಿಡಿ, ಬಾವಿ-ಹಳ್ಳದ ಹತ್ತಿರ ಬೇಡ. ನಾಜಲ್, ಜಾಳಿಗೆ ಬಿಚ್ಚಿ ಒರೆಸಿ. ವಾಷರಿಗೆ, ಚೂಡಿಗೆ ತೆಳುವಾಗಿ ಎಣ್ಣೆ ಸವರಿ, ಬಟ್ಟೆಯಿಂದ ಮತ್ತೆ ಒರೆಸಿ. ಬೆರಳಿಗೆ ಜಾರಬೇಕು, ಕಣ್ಣಿಗೆ ಕಾಣಬಾರದು, ಅದೇ ಅಳತೆ. ಚೂಡಿ ಕೈಯಿಂದಷ್ಟೇ ಬಿಗಿ ಮಾಡಿ. ಪಾನಾ ಬೇಕಾಗ್ತಿದೆ ಅಂದ್ರೆ ವಾಷರ್ ಹಾಳಾಗಿದೆ ಅಂತ ಅರ್ಥ.

ಇಷ್ಟಾಗಿಯೂ ಹಿಡಿದು ಕೂತರೆ ಜೋರು ಮಾಡಬ್ಯಾಡ್ರಿ. ಮೊದಲು ತೊಳೆಯಿರಿ. ಸಿಲಿಂಡರ್ ಹೊರಗಿನಿಂದ ಬಿಸಿನೀರು ಹೊಯ್ಯಿರಿ. ಹೊರಗಿನ ಹಿತ್ತಾಳೆ ಮೊದಲು ಹಿಗ್ಗಿ ಸ್ವಲ್ಪ ಜಾಗ ಬಿಡುತ್ತದೆ. ಸಂದಿಗೆ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಮುಂಜಾನೆ ಮರದ ತುಂಡಿನಿಂದ ಮೆಲ್ಲಗೆ ತಟ್ಟಿ, ಎರಡೂ ಕಡೆ ಸ್ವಲ್ಪ ಸ್ವಲ್ಪ ಅಲುಗಾಡಿಸಿ. ನಾನು ಆ ದಿನ ಒಂದು ರಾತ್ರಿ ಕಾದಿದ್ದರೆ ಐದು ದಿನ ಉಳೀತಿತ್ತು.

ಯಾರ ಬೆನ್ನು?

ಪಂಪ್ ಜಾಮ್ ಆದರೆ ಬರೀ ಬೆಳೆ ಹೋಗೋದಿಲ್ಲ. ಜೋರು ಮಾಡಿದ ವಾಷರ್ ಹರಿಯುತ್ತದೆ, ಚೂಡಿ ಸೋರುತ್ತದೆ, ದ್ರಾವಣ ಹೊರುವವನ ಬೆನ್ನಿಗೆ, ತೊಡೆಗೆ ಇಳಿಯುತ್ತದೆ. ನಮ್ಮಲ್ಲಿ ಹೊರೋನು ಎಷ್ಟೋ ಸಲ ಹೊಲದ ಮಾಲಕ ಅಲ್ಲ, ಕೂಲಿಗೆ ಬಂದ ಅಣ್ಣ ಅಥವಾ ಕಾಕಾ. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆಯುವಾಗ ವಿಷವೇರಿ 20ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಕಾರಣ ಹಲವು. ಆದರೆ ಸೋರುವ ಪಂಪನ್ನು ಇನ್ನೊಬ್ಬನ ಬೆನ್ನಿಗೆ ಏರಿಸುವ ಹಕ್ಕು ನಮಗೆ ಯಾರಿಗೂ ಇಲ್ಲ ಅನ್ನೋದಕ್ಕೆ ಆ ಲೆಕ್ಕವೂ ಬೇಕಾಗಿಲ್ಲ.

ಇಲ್ಲಿ ನನ್ನದೊಂದು ಒತ್ತಾಯ ಇದೆ. ಪಂಪ್ ಮಾರೋರು, ಸಹಾಯಧನದಲ್ಲಿ ಕೊಡೋರು, ತರಬೇತಿ ಮಾಡೋರು ಪಂಪಿನ ಜೊತೆ ಎರಡು ವಾಷರ್, ಒಂದು ನಾಜಲ್, ಕನ್ನಡದಲ್ಲಿ ಒಂದು ಹಾಳೆ ಸೂಚನೆ ಕೊಡಲಿ. ನಾನು ಎರಡನೇ ಪಂಪ್ ಕೊಂಡಾಗ ಡಬ್ಬಿಯಲ್ಲಿದ್ದ ಪುಸ್ತಕ ಪೂರಾ ಇಂಗ್ಲಿಷ್, ಹೆಚ್ಚಿನ ವಾಷರ್ ಒಂದೂ ಇರಲಿಲ್ಲ. ಕೇಳಿದ್ದಕ್ಕೆ 'ಕೆಟ್ಟ ಮ್ಯಾಲೆ ಬರ್ರಿ' ಅಂದ್ರು. ಕೆಟ್ಟ ಮೇಲೆ ಹೋದರೆ ಹುಳ ಕಾಯುತ್ತದೇನು? ಹಣ ಕೊಡುವ ಮೊದಲೇ ಕೇಳಿರಿ. ಬಿಡಿಭಾಗ ಎಲ್ಲಿ ಸಿಗ್ತದೆ ಅಂತ ಉತ್ತರ ಬರದಿದ್ದರೆ ಆ ಪಂಪ್ ಎಷ್ಟೇ ಅಗ್ಗ ಇದ್ದರೂ ಬಿಡ್ರಿ.

ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ನಮಗೆಲ್ಲ ಹೆಮ್ಮೆಯೇ. ಆ ಹೆಸರು ಉಳಿಸೋ ಕೆಲಸ ಮಾತ್ರ ಹೂವು-ಕಾಯಿ ಕಾಲದ ಎರಡು-ಮೂರು ಸಂಜೆಗಳಲ್ಲಿ ನಡೀತದೆ. ಆ ಸಂಜೆ ಪಂಪ್ ಎತ್ತಿದರೆ ನಡೀಬೇಕು.

ಈಗ ನಮ್ಮ ಹೊಲದ ಸುತ್ತ ಬದುವಿನಲ್ಲಿ ಔಡಲ ಗಿಡ ಇದಾವೆ. ಎಲೆ ತಿನ್ನೋ ಹುಳಕ್ಕೆ ಅದು ಬಲೆ ಬೆಳೆ, ಅದರ ಬೀಜದ ಎಣ್ಣೆ ನನ್ನ ಪಂಪಿಗೆ. ಮುತ್ಯಾನ ಹಿತ್ತಾಳೆ ಸಿಲಿಂಡರ್ ಸೀಳಿದ್ದು ಸೀಳಿದ ಹಂಗೇ ಗೋಡೆಗೆ ತೂಗು ಹಾಕೀನಿ, ಕೆಲಸಕ್ಕೆ ಬರೋ ಹುಡುಗರು ಕೇಳಿದಾಗ ಈ ಕಥೆ ಹೇಳ್ತೀನಿ.

ಇವತ್ತು ಸಂಜೆ ನಿಮ್ಮ ಪಂಪನ್ನು ಒಮ್ಮೆ ಕೆಳಗಿಳಿಸಿ ನೋಡಿ. ಹಿಡಿ ಸಲೀಸಾಗಿ ಬಂದರೆ ಚಲೋ. ಬರದಿದ್ದರೆ ಇವತ್ತೇ ಗೊತ್ತಾದದ್ದು ಒಳ್ಳೇದಾಯ್ತು. ತತ್ತಿ ಕಂಡ ದಿನ ಗೊತ್ತಾಗೋದು ಬೇಡ.